ಅಕ್ಕನ ಎದೆಗೆ ಬಿಸಿ ಕೊಟ್ಟ ನಾಲ್ಕು ವಾರ

ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎಂದು ಕರೆಯುವವಳು, ಮೂರು ವರ್ಷದಿಂದ ನಮ್ಮ ಮನೆಗೆ ಬಂದಿರಲಿಲ್ಲ. ಬರುವುದಿಲ್ಲವೆಂದು ಅವಳೇ ಹೇಳಿದ್ದಳು. ನಮ್ಮತ್ತೆ ಹಾಸಿಗೆ ಹಿಡಿದಾಗ ಕೊನೆಯ ಎರಡು ತಿಂಗಳು ನಾನು ಅವರನ್ನು ಚನ್ನಪಟ್ಟಣಕ್ಕೆ ಕರೆತಂದು ನೋಡಿಕೊಳ್ಳಬೇಕೆಂದು ಮಾತಾಗಿತ್ತು. ಶಾಲೆಯಲ್ಲಿ ಪರೀಕ್ಷೆ, ರಜೆ ಸಿಗುವುದಿಲ್ಲ ಎಂದು ನಾನು ದಿನ ಮುಂದೂಡಿದೆ. ಪರೀಕ್ಷೆ ಇದ್ದದ್ದು ನಿಜ. ಕೇಳಿದ್ದರೆ ರಜೆ ಸಿಗುತ್ತಿತ್ತು ಎನ್ನುವುದೂ ನಿಜ. ಅತ್ತೆ ಗಂಡನ ಊರು ಗುಡೇಮಾರನಹಳ್ಳಿಯ ಮನೆಯಲ್ಲೇ, ಅಕ್ಕನ ಕೈಯಲ್ಲೇ ಕೊನೆಯ ಗುಟುಕು ನೀರು ಕುಡಿದು ಹೋದರು. ತಿಥಿಯ ದಿನ ಎಲೆ ಎತ್ತುತ್ತಾ ಅವಳು, "ನಿನ್ ಮನೆ ಮೆಟ್ಲು ತುಳಿಯಾಕಿಲ್ಲ ಕಣಮ್ಮಿ ಇನ್ನು" ಎಂದಳು. ದನಿ ಎತ್ತಲಿಲ್ಲ. ಎಲೆಗಳನ್ನು ಮಡಚಿ ಕುಕ್ಕೆಗೆ ಹಾಕಿಕೊಂಡು ಹಿತ್ತಿಲಿಗೆ ಹೋದಳು. ನಾನೂ ಮತ್ತೆ ಕರೆಯಲಿಲ್ಲ.

ಹಾಗಾಗಿ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದಾಗ ಅವಳು ನಮ್ಮ ಗೇಟಿನ ಹೊರಗೆ ಕೂತಿದ್ದನ್ನು ಕಂಡು ನನ್ನ ಕಾಲು ನಿಂತಿತು. ಪಕ್ಕದ ಮನೆಯಲ್ಲಿ ಬೊಂಬೆ ಕಡೆಯುವ ಮಿಷನ್ನಿದೆ. ಆ ಮನೆಯಾಕೆ ಒಂದು ಕುರ್ಚಿ, ಒಂದು ಚೊಂಬು ನೀರು ತಂದುಕೊಟ್ಟು ಅವಳ ಪಕ್ಕದಲ್ಲೇ ನಿಂತಿದ್ದರು. ಆ ಬಿಸಿಲಲ್ಲೂ ಅಕ್ಕ ಸ್ವೆಟರ್ ಹಾಕಿಕೊಂಡು, ಮೇಲೆ ಸೆರಗು ಬಿಗಿದು ಹೊದ್ದಿದ್ದಳು.

"ಒಳಕ್ಕೆ ಬಾ ಅಕ್ಕ" ಎಂದೆ.

"ಬರಾಕಿಲ್ಲ. ಒಂದು ಹಳೇ ಪಂಚೆ ಇದ್ರೆ ಕೊಡು. ಆಸ್ಪತ್ರೆ ದಾರಿ ಹೇಳು. ಹೊಂಟೋಯ್ತೀನಿ."

ಮಾತು ಮುಗಿಯುವ ಮೊದಲೇ ವಾಸನೆ ಬಂತು. ಪಾಂಡ್ಸ್ ಪೌಡರಿನ ಕೆಳಗೆ ಇನ್ನೊಂದು ವಾಸನೆ. ಅವಳ ಎಡಭುಜದ ಮೇಲೆ ಎರಡು ನೊಣ ಕೂತಿದ್ದವು. ಅವಳು ಓಡಿಸಲೂ ಇಲ್ಲ. ಓಡಿಸಿ ಓಡಿಸಿ ಬಿಟ್ಟುಬಿಟ್ಟವಳ ಹಾಗೆ ಕೂತಿದ್ದಳು. ಪಕ್ಕದ ಮನೆಯಾಕೆ ನನ್ನ ಮುಖ ನೋಡಿ, "ಕರ್ಕೊಂಡ್ ಹೋಗಿ ಟೀಚರ್, ಬಿಸಿಲೈತೆ" ಎಂದರು. ನಾನು ಅಕ್ಕನ ಕೈ ಹಿಡಿದು ಎಬ್ಬಿಸಿದೆ. ಅವಳು ಬಂದಳು.

ಏಳು ವರ್ಷದ ಹಿಂದೆ ಅವಳ ಎಡಮೊಲೆಯಲ್ಲಿ ಗಡ್ಡೆಯಾಗಿ, ಆಪರೇಷನ್ ಮಾಡಿ ಮೊಲೆಯನ್ನೇ ತೆಗೆದಿದ್ದರು. ಆಮೇಲೆ ಔಷಧಿ ಏರಿಸಿ, ಐದಾರು ವಾರ ಕರೆಂಟು ಕೊಟ್ಟಿದ್ದರು. ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಕೊಡುವುದು ಎಂದೇ ಹೇಳುತ್ತಾರೆ. ಆಗ ಭಾವ ಬದುಕಿದ್ದರು. ಎಲ್ಲ ಅವರೇ ಓಡಾಡಿದರು. ನಾನು ಎರಡು ಸಲ ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬಂದಿದ್ದೆ, ಅಷ್ಟೆ. ಭಾವ ಎದೆನೋವಿನಿಂದ ತೀರಿಕೊಂಡ ಮೇಲೆ ಅವಳು ತಪಾಸಣೆಗೆ ಹೋಗುವುದನ್ನು ಬಿಟ್ಟಳು. ಮಗ ಮಾಗಡಿಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಸೊಸೆ ಮನೆ ನೋಡಿಕೊಳ್ಳುತ್ತಾಳೆ. ಇಪ್ಪತ್ತು ಕುರಿ ಅಕ್ಕನ ಪಾಲಿನ ಕೆಲಸ.

ಬಚ್ಚಲಮನೆಯಲ್ಲಿ ಅವಳು ಬಟ್ಟೆ ಬಿಚ್ಚಿದಳು. ಅರಿಶಿನ ಹಚ್ಚಿದ ಪಂಚೆಯ ತುಂಡು ಗಾಯಕ್ಕೆ ಅಂಟಿಹೋಗಿತ್ತು. ಬೆಚ್ಚಗಿನ ನೀರು ಹನಿಸಿ ಹನಿಸಿ ಬಿಡಿಸಿದೆ. ಹಳೆಯ ಹೊಲಿಗೆಯ ಗೆರೆಯುದ್ದಕ್ಕೂ ಕೆಂಪು ಗಂಟುಗಳೆದ್ದಿದ್ದವು. ಕಂಕುಳ ಹತ್ತಿರ ಅಂಗೈಯಗಲ ಚರ್ಮವೇ ಇರಲಿಲ್ಲ. ಅಲ್ಲಿಂದ ನೀರು, ರಕ್ತ, ಕೀವು ಬೆರೆತು ಇಳಿಯುತ್ತಿತ್ತು. ನಾನು ಕಿಟಕಿ ತೆರೆದದ್ದನ್ನು ಅವಳು ನೋಡಿದಳು.

"ಎಷ್ಟ್ ದಿನ ಆಯ್ತಕ್ಕ?"

"ಯುಗಾದಿಗೂ ಮೊದ್ಲಿಂದ."

"ಮಗಂಗೆ ಹೇಳ್ಲಿಲ್ವಾ?"

"ಗಂಡ್ಮಗಂಗೆ ಇದ್ನ ಹೆಂಗಮ್ಮಿ ತೋರ್ಸನಾ? ಸೊಸೆ ಬಸ್ರಿ. ಈ ವಾಸ್ನೆಗೆ ಉಂಡಿದ್ದೆಲ್ಲ ಕಕ್ತಾಳೆ. ಕುರಿ ನಾತ ಅಂತ ಹೇಳ್ಕಂಡು ಮಂಚಾನ ರೊಪ್ಪದ ತಾವ್ಕೆ ಹಾಕ್ಕಂಡಿವ್ನಿ."

ನಾಲ್ಕು ತಿಂಗಳು ಅವಳು ಕುರಿ ರೊಪ್ಪದ ಪಕ್ಕ ಮಲಗಿದ್ದಳು. ಮನೆಯವರು ಅದನ್ನು ನಂಬಿದ್ದರು. ಅಥವಾ ನಂಬುವುದು ಸುಲಭವಾಗಿತ್ತು.

ಸೋಮವಾರ ರೈಲು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಪರೀಕ್ಷೆಗಳಿಗೆ ಒಂದೂವರೆ ವಾರ ಹಿಡಿಯಿತು. ಅಲ್ಲಿಯವರೆಗೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಎದೆಯ ಮೇಲೆ ಗಾಯವಾಗಿದೆ, ಔಷಧಿ ಹಾಕಿಸಿಕೊಂಡು ಬರುತ್ತೇನೆ ಎಂದಷ್ಟೇ ಮಗನಿಗೆ ಫೋನಿನಲ್ಲಿ ಹೇಳಿದ್ದಳು. ಕೊನೆಗೆ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ಅದೇ ಕಾಯಿಲೆ ಅದೇ ಜಾಗದಲ್ಲಿ ಮತ್ತೆ ಬಂದಿದೆ ಅಮ್ಮ. ಮೊದಲು ಪೂರ್ತಿ ಕರೆಂಟ್ ಕೊಟ್ಟಿದ್ದಾರೆ. ಆ ಚರ್ಮ, ಪಕ್ಕೆಲುಬು ಇನ್ನೊಂದ್ಸಲ ಅಷ್ಟನ್ನ ತಡೆಯಲ್ಲ. ಅದಕ್ಕೆ ಈ ಸಲ ಕಡಿಮೆ ಕೊಡ್ತೀವಿ. ಆದರೆ ಕೊಡೋಕೆ ಮುಂಚೆ ಒಂದು ಗಂಟೆ ಆ ಗಡ್ಡೆಗಳಿಗೆ ಬಿಸಿ ಕೊಡ್ತೀವಿ. ಬಿಸಿಯಾದ ಗಡ್ಡೆಗೆ ಕರೆಂಟು ಚೆನ್ನಾಗಿ ನಾಟುತ್ತೆ."

"ಬಿಸಿ ಅಂದ್ರೆ? ಬರೆ ಹಾಕ್ತೀರಾ ತಾಯಿ?" ಅಕ್ಕ ಕೇಳಿದಳು. ಕುರಿಗೆ ಕಾಯಿಲೆಯಾದರೆ ಬರೆ ಹಾಕುವುದನ್ನು ನೋಡಿದವಳು.

"ಇಲ್ಲಮ್ಮ. ಜೋರು ಜ್ವರ ಬಂದಾಗ ಮೈ ಸುಡುತ್ತಲ್ಲ, ಅದಕ್ಕಿಂತ ಒಂಚೂರು ಜಾಸ್ತಿ. ಬೆಂಕಿ ಇರಲ್ಲ."

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ನಾಲ್ಕು ವಾರ. ಅಕ್ಕ ರಕ್ತ ಕೊಡಲು ಹೋದಾಗ ಡಾಕ್ಟರು ನನ್ನೊಬ್ಬಳನ್ನೇ ಕರೆದರು. ಶ್ವಾಸಕೋಶದಲ್ಲೂ ಚುಕ್ಕೆಗಳು ಕಾಣಿಸುತ್ತಿವೆ ಎಂದರು. "ಪೂರ್ತಿ ಗುಣ ಅಂತ ಹೇಳೋಕಾಗಲ್ಲ. ಇದು ಗಾಯ ಒಣಗಿಸೋಕೆ, ನೋವು, ವಾಸನೆ ಕಡಿಮೆ ಮಾಡೋಕೆ. ಅವರಿಗೆ ನೀವು ಹೇಳ್ತೀರೋ, ನಾನು ಹೇಳಲೋ?"

"ನಾನೇ ಹೇಳ್ತೀನಿ" ಎಂದೆ.

ಹೇಳಲಿಲ್ಲ. ಅವತ್ತು ರೈಲಿನಲ್ಲಿ ಅವಳು ಕಿಟಕಿ ಪಕ್ಕ ಕೂತು, "ಬಿಸಿ ಕೊಟ್ರೆ ಬುಡ ಸಮೇತ ಸತ್ತೋಯ್ತದೆ ಅಲ್ವಾ?" ಎಂದಳು. ಮೂರು ವರ್ಷದ ಮೇಲೆ ನನ್ನೊಡನೆ ಅಷ್ಟು ಸರಾಗವಾಗಿ ಆಡಿದ ಮೊದಲ ಮಾತು ಅದು. ನಾನು ಹೂಂ ಎಂದೆ. ಅವಳ ಸಮಾಧಾನಕ್ಕೆ ಹೂಂ ಎಂದೆ ಅಂತ ಆಗ ಅಂದುಕೊಂಡಿದ್ದೆ. ನನ್ನ ಸಮಾಧಾನವೂ ಅದರಲ್ಲಿತ್ತು.

ಬಿಸಿ ಕೊಡುವ ಕೋಣೆ ತಣ್ಣಗಿತ್ತು. ಒಂದು ಮಂಚ, ಅದರ ಮೇಲೆ ಬಾಗಿದ ಕಬ್ಬಿಣದ ತೋಳು, ತೋಳಿನ ತುದಿಗೆ ಚೌಕದ ಪೆಟ್ಟಿಗೆ. ಪೆಟ್ಟಿಗೆಗೂ ಎದೆಗೂ ನಡುವೆ ನೀರು ತುಂಬಿದ ಮೆತ್ತನೆಯ ಚೀಲ. ಚರ್ಮದ ಮೇಲೆ ಅಲ್ಲಲ್ಲಿ ತೆಳ್ಳನೆಯ ತಂತಿಗಳನ್ನು ಅಂಟಿಸಿದರು. ಎಷ್ಟು ಬಿಸಿಯಾಗಿದೆ ಎಂದು ಅವು ಪರದೆಯ ಮೇಲೆ ತೋರಿಸುತ್ತಿದ್ದವು. ಯಂತ್ರ ನೋಡಿಕೊಳ್ಳುವ ಹೆಂಗಸು ಅಕ್ಕನ ಬಲಗೈಗೆ ಒಂದು ಗುಂಡಿ ಕೊಟ್ಟು ಹೇಳಿದರು.

"ತಂತಿ ಇರೋ ಕಡೆ ಮಾತ್ರ ನಮಗೆ ಬಿಸಿ ಗೊತ್ತಾಗುತ್ತೆ ಅಮ್ಮ. ಬೇರೆ ಎಲ್ಲಾದ್ರೂ ಚುರ್ ಅಂದ್ರೆ, ಉರಿದ್ರೆ, ಸೂಜಿ ಚುಚ್ಚಿದ ಹಾಗಾದ್ರೆ ತಕ್ಷಣ ಒತ್ತಬೇಕು. ತಡ್ಕೋಬಾರದು. ತಡ್ಕೊಂಡ್ರೆ ಬೊಬ್ಬೆ ಬರುತ್ತೆ."

"ಆಯ್ತವ್ವ" ಎಂದಳು ಅಕ್ಕ.

ಮೊದಲೆರಡು ಸಲ ನಾನು ಪಕ್ಕದಲ್ಲಿ ಕೂತಿದ್ದೆ. ಅವಳು ಕುರಿಗಳ ವಿಷಯ ಮಾತಾಡಿದಳು. ಯಾವ ಮರಿ ತಾಯನ್ನು ಬಿಟ್ಟು ಇನ್ನೊಂದರ ಹಾಲಿಗೆ ಹೋಗುತ್ತದೆ, ಯಾವುದಕ್ಕೆ ಕಾಲು ಊನ, ಎಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು. ನಾನು ಒರೆಸುತ್ತಿದ್ದೆ. ಗಂಟೆಯಾದ ಮೇಲೆ ಗಾಲಿಕುರ್ಚಿಯಲ್ಲಿ ಕರೆಂಟು ಕೊಡುವ ಕೋಣೆಗೆ ಕರೆದೊಯ್ಯುತ್ತಿದ್ದರು. ಅದು ಕೆಲವೇ ನಿಮಿಷ. ಆಮೇಲೆ ಇಡ್ಲಿ ತಿಂದು ರೈಲು ಹಿಡಿಯುತ್ತಿದ್ದೆವು. ಬಿಡದಿ ದಾಟುವ ಹೊತ್ತಿಗೆ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗುತ್ತಿದ್ದಳು.

ಮೂರನೆಯ ಸಲ ಶಾಲೆಯಿಂದ ಫೋನ್ ಬಂದು ನಾನು ಹೊರಗೆ ಹೋದೆ. ಮಾತು ಉದ್ದವಾಯಿತು. ಒಳಗೆ ಬರುವಷ್ಟರಲ್ಲಿ ಗಂಟೆ ಮುಗಿದು ನೀರಿನ ಚೀಲ ಎತ್ತಿದ್ದರು. ಕಂಕುಳ ಕೆಳಗೆ, ತಂತಿ ಇಲ್ಲದ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಬೊಬ್ಬೆ ಎದ್ದಿತ್ತು. ಸುತ್ತಲೂ ಚರ್ಮ ಕಡುಗೆಂಪಾಗಿತ್ತು.

"ಗುಂಡಿ ಯಾಕೆ ಒತ್ತಲಿಲ್ಲ ಅಮ್ಮ?" ಯಂತ್ರದ ಹೆಂಗಸು ಕೇಳಿದರು. "ನಾನು ಎರಡು ಸಲ ಕೇಳಿದೆ ನಿಮ್ಮನ್ನ. ಉರಿಯುತ್ತಾ ಅಂದ್ರೆ ಇಲ್ಲ ಅಂದ್ರಿ."

ಅಕ್ಕ ಸೆರಗು ಎಳೆದುಕೊಂಡಳು. ಡಾಕ್ಟರು ಬಂದು ನೋಡಿ, ಇದು ಮಾಗುತ್ತದೆ, ಆದರೆ ಶುಕ್ರವಾರ ಬಿಸಿ ಬೇಡ, ಕರೆಂಟು ಮಾತ್ರ ಕೊಡೋಣ ಎಂದರು.

ಮನೆಗೆ ಬಂದು ಮುಲಾಮು ಹಚ್ಚುತ್ತಾ ನಾನು ರೇಗಿದೆ. "ಅಷ್ಟು ಹೇಳಿದ್ರೂ ಯಾಕಕ್ಕ ತಡ್ಕೊಂಡೆ? ಬಾಯಿ ಬಿಟ್ಟು ಹೇಳೋಕೆ ನಿಂಗೇನಾಗಿತ್ತು?"

"ಉರೀತಿತ್ತು ಕಣಮ್ಮಿ. ಜೀವ ಹೋಗಂಗೆ ಉರೀತಿತ್ತು" ಎಂದಳು. "ಒತ್ತಿದ್ರೆ ಅವ್ರು ಕಮ್ಮಿ ಮಾಡ್ತಾರೆ. ಜಾಸ್ತಿ ಸುಟ್ರೆ ಬಿರ್ನೆ ಸಾಯ್ತದೆ ಅಂದ್ಕಂಡೆ. ಸೊಸೆ ಹೆರಿಗೆ ಹೊತ್ಗೆ ವಾಸಿಯಾಗಿ ಊರಲ್ಲಿರ್ಬೇಕಲ್ಲ."

ಬೆರಳ ತುದಿಯಲ್ಲಿ ಮುಲಾಮು ಹಾಗೇ ಉಳಿಯಿತು. ಇನ್ನೂ ನಾಲ್ಕು ಸಲ ಅವಳನ್ನು ಆ ಮಂಚದ ಮೇಲೆ ಮಲಗಿಸಬೇಕಿತ್ತು. ಅವಳು ಇನ್ನೂ ನಾಲ್ಕು ಸಲ ಹೀಗೆಯೇ ಸುಟ್ಟುಕೊಳ್ಳಬಹುದಿತ್ತು. ಆಗ ಹೇಳಿದೆ. ಶ್ವಾಸಕೋಶದ ಚುಕ್ಕೆ, ಗುಣವಾಗುವುದಿಲ್ಲ, ಗಾಯ ಒಣಗಿಸುವುದಕ್ಕಷ್ಟೇ ಈ ಚಿಕಿತ್ಸೆ, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದೆ.

ಅವಳು ನನ್ನ ಕೈಯಿಂದ ಮುಲಾಮಿನ ಡಬ್ಬಿ ತೆಗೆದುಕೊಂಡು ಮುಚ್ಚಳ ಹಾಕಿದಳು. ಆಮೇಲೆ, "ಮೊದ್ಲೇ ಹೇಳಿದ್ರೆ ಗುಂಡಿ ಒತ್ತುತ್ತಿದ್ದೆ" ಎಂದಳು.

ಮರುದಿನ ನಾನು ಶಾಲೆಗೆ ಹೋದಾಗ ಅವಳು ಬ್ಯಾಗು ತೆಗೆದುಕೊಂಡು ಊರಿಗೆ ಹೋಗಿಬಿಟ್ಟಿದ್ದಳು. ಶುಕ್ರವಾರ ಆಸ್ಪತ್ರೆಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ನನ್ನ ಗಂಡ, "ಬುಡು, ಅವರಿಷ್ಟ" ಎಂದರು. ಭಾನುವಾರ ರಾಮನಗರ, ಮಾಗಡಿ ಎಂದು ಎರಡು ಬಸ್ಸು ಬದಲಿಸಿ ಗುಡೇಮಾರನಹಳ್ಳಿಗೆ ಹೋದೆ. ಮನೆಯಲ್ಲಿ ಏಳು ತಿಂಗಳ ಬಸುರಿ ಸೊಸೆ ಒಬ್ಬಳೇ ಇದ್ದಳು. "ಅತ್ತೆ ಹೊಲದ ತಾವು" ಎಂದಳು. ಅತ್ತೆಗೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೀಳುಬಿಟ್ಟ ಹೊಲದಲ್ಲಿ ಕುರಿ ಬಿಟ್ಟುಕೊಂಡು ಅಕ್ಕ ಬದುವಿನ ಮೇಲೆ ಕೂತಿದ್ದಳು. ದೂರದಲ್ಲಿ ಸಾವನದುರ್ಗದ ಬಂಡೆ ಬಿಸಿಲ ಧಗೆಯಲ್ಲಿ ಮಂಕಾಗಿ ಕಾಣುತ್ತಿತ್ತು. ಸ್ವಲ್ಪ ದೂರದಲ್ಲಿ ನಾನೂ ಕೂತೆ.

"ಸಾಯೋದಕ್ಕೆ ನಂಗೇನೂ ಬೇಜಾರಿಲ್ಲ" ಎಂದಳು. ನನ್ನ ಕಡೆ ತಿರುಗಲಿಲ್ಲ. "ನಿನ್ ಬುದ್ಧಿ ಮೇಲೆ ಬೇಜಾರು. ಅತ್ತೆಗೂ ಹಿಂಗೇ ಮಾಡ್ದೆ. ಈ ವಾರ ಬತ್ತೀನಿ, ಬರೋ ವಾರ ಬತ್ತೀನಿ ಅಂತ ಫೋನಲ್ಲಿ ಹೇಳ್ತಿದ್ದೆ. ಬರಾಕಾಗಲ್ಲ ಅಂದಿದ್ರೆ ಆಯಮ್ಮ ನಿನ್ನ ಮರೆತು ನೆಮ್ಮದಿಯಾಗಿ ಹೋಗೋದು. ಕೊನೆಗಂಟ ಬಾಗ್ಲು ನೋಡ್ಕಂಡಿದ್ಲು."

ನನಗೆ ಅದು ಗೊತ್ತಿರಲಿಲ್ಲ. ಬಾಗಿಲು ನೋಡುತ್ತಿದ್ದರು ಎನ್ನುವುದನ್ನು ಯಾರೂ ನನಗೆ ಹೇಳಿರಲಿಲ್ಲ. ತಪ್ಪಾಯಿತು ಎನ್ನಲು ಹೊರಟು, ಬದುವಿನ ಹುಲ್ಲು ಕೀಳತೊಡಗಿದೆ. ಅಳುವನ್ನೂ ಅವಳೆದುರು ತೋರಿಸಬಾರದೆನಿಸಿತು.

"ಒಣಗ್ತದಾ?" ಅವಳೇ ಕೇಳಿದಳು. "ಈಗ ಸುಳ್ಳು ಹೇಳ್ಬೇಡ."

"ಒಣಗಬೋದು ಅಂದವ್ರೆ. ಗ್ಯಾರಂಟಿ ಇಲ್ಲ."

"ವಾಸ್ನೆ?"

"ಒಣಗಿದ್ರೆ ವಾಸ್ನೆ ಹೋಗುತ್ತೆ."

ಅವಳು ಕೋಲಿನಿಂದ ಮಣ್ಣು ಕೆದಕಿದಳು. "ಮಗೀನ ಎತ್ಕಬೇಕು ಕಣಮ್ಮಿ. ಅಷ್ಟೇಯ. ಹಿಂಗೇ ಇದ್ರೆ ಸೊಸೆ ಕೊಡಾಕಿಲ್ಲ. ಕೊಡ್ಲೂಬಾರ್ದು." ಆಮೇಲೆ ಎದ್ದು, "ಮಂಗಳವಾರ ಬತ್ತೀನಿ. ಮಗಂಗೆ ನೀನು ಬಾಯ್ ಬುಡಬೇಡ. ನಾನೇ ಹೇಳ್ತೀನಿ" ಎಂದಳು. ನಾನು ಆಣೆ ಇಟ್ಟೆ.

ಮಂಗಳವಾರ ಅವಳು ಡಾಕ್ಟರನ್ನು ನೇರವಾಗಿ ಕೇಳಿದಳು. ಡಾಕ್ಟರು ಒಮ್ಮೆ ನನ್ನನ್ನು ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಷ್ಟು ದಿನ ಎಂದು ಯಾರಿಗೂ ಹೇಳಲಾಗುವುದಿಲ್ಲ, ತಿಂಗಳುಗಳ ಲೆಕ್ಕ ಇರಬಹುದು ಎಂದರು. ಅಕ್ಕ ತಲೆಯಾಡಿಸಿ, "ನೀವಾದ್ರೂ ಹೇಳಿದ್ರಲ್ಲ ತಾಯಿ" ಎಂದಳು. ನಾನು ಕಿಟಕಿಯ ಕಡೆ ನೋಡಿದೆ.

ಬೊಬ್ಬೆ ಮಾಗುವವರೆಗೆ ಒಂದೆರಡು ಸಲ ಬರೀ ಕರೆಂಟು ಕೊಟ್ಟು, ಆಮೇಲೆ ಮತ್ತೆ ಬಿಸಿ ಶುರುಮಾಡಿದರು. ಈಗ ಅವಳು ಗುಂಡಿ ಒತ್ತುತ್ತಿದ್ದಳು. ಸ್ವಲ್ಪ ಚುರುಕ್ಕೆಂದರೂ ಒತ್ತುತ್ತಿದ್ದಳು. ಯಂತ್ರದ ಹೆಂಗಸು ಓಡಿಬಂದು ಶಾಖ ತಗ್ಗಿಸಿ, ಪೆಟ್ಟಿಗೆ ಒಂದು ಬೆರಳಿನಷ್ಟು ಸರಿಸುತ್ತಿದ್ದರು. ಆದರೆ ಕುರಿಗಳ ಮಾತು ನಿಂತುಹೋಯಿತು. ಆ ಒಂದು ಗಂಟೆ ಅವಳು ಮೇಲಿನ ಛಾವಣಿ ನೋಡುತ್ತಾ ಮಲಗಿರುತ್ತಿದ್ದಳು. ವಾಪಸು ಬರುವಾಗ ಕಿಟಕಿಯ ಸರಳಿಗೆ ತಲೆ ಒರಗಿಸುತ್ತಿದ್ದಳು, ನನ್ನ ಭುಜಕ್ಕಲ್ಲ.

ಚಿಕಿತ್ಸೆ ಮುಗಿದು ಮೂರು ವಾರಕ್ಕೆ ಕೀವು ನಿಂತಿತು. ಆರನೆಯ ವಾರಕ್ಕೆ ಗಂಟುಗಳು ಚಪ್ಪಟೆಯಾಗಿ, ಗಾಯದ ಅಂಚಿನಿಂದ ತೆಳ್ಳಗೆ ಗುಲಾಬಿ ಬಣ್ಣದ ಚರ್ಮ ಒಳಮುಖವಾಗಿ ಬೆಳೆಯಿತು. ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಬಟ್ಟೆ ಒಣಗಿತ್ತು. ಮೂಗಿಗೆ ಹಿಡಿದು ನೋಡಿದೆ. ಮುಲಾಮಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. "ಹೋಯ್ತಾ?" ಎಂದಳು. "ಹೋಯ್ತು" ಎಂದೆ. ಅವಳೂ ಕೈಯಲ್ಲಿ ತೆಗೆದುಕೊಂಡು ಮೂಸಿದಳು. ನನ್ನ ಮಾತಿನ ಮೇಲೆ ಅವಳು ಇನ್ನು ಯಾವುದನ್ನೂ ನಂಬುವುದಿಲ್ಲವೆಂದು ಆಗ ಗೊತ್ತಾಯಿತು.

ಸೊಸೆಗೆ ಹೆಣ್ಣುಮಗುವಾಯಿತು. ಅಕ್ಕ ಊರಿಗೆ ಹೋದಳು. ಮಂಚ ರೊಪ್ಪದಿಂದ ನಡುಮನೆಗೆ ಬಂತು. ನಾನು ಎರಡು ವಾರಕ್ಕೊಮ್ಮೆ ಹೋಗಿ ಗಾಯ ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಮಗು ಅವಳ ಬಲತೊಡೆಯ ಮೇಲಿರುತ್ತಿತ್ತು. ಎಡಗೈ ಊದಿಕೊಂಡು ಮೇಲೆತ್ತಲು ಬರುತ್ತಿರಲಿಲ್ಲ. ಒಂದೇ ಕೈಯಲ್ಲಿ ಎಣ್ಣೆ ತಿಕ್ಕುವುದು, ಒಂದೇ ಕೈಯಲ್ಲಿ ತೊಟ್ಟಿಲು ತೂಗುವುದು. ಮಗನಿಗೆ ಹೇಳಿದೆಯಾ ಎಂದು ಪ್ರತಿ ಸಲ ಕೇಳುತ್ತಿದ್ದೆ.

"ಹೇಳ್ತೀನಿ. ಬಾಣಂತನ ಮುಗೀಲಿ."

ಬಾಣಂತನ ಮುಗಿಯಿತು. "ನಾಮಕರಣ ಆಗ್ಲಿ" ಎಂದಳು. ನಾಮಕರಣವೂ ಆಯಿತು. ನನ್ನ ಬುದ್ಧಿಯನ್ನು ಬೈದವಳೇ ಹೀಗೆ ಮಾಡುತ್ತಿದ್ದಳು. ನಾನು ಅದನ್ನು ಎತ್ತಿ ಆಡಲಿಲ್ಲ. ಮಗನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅವ್ವನ ಗಾಯ ಮಾಗಿದೆ, ಅವ್ವ ಗುಣವಾದಳು ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆ ಮಾತು ಕೇಳಿದಾಗ ಅವಳು ಮಗುವಿನ ಕಡೆ ಬಗ್ಗಿಬಿಡುತ್ತಿದ್ದಳು.

ಮಗುವಿಗೆ ಐದು ತಿಂಗಳಾಗುವ ಹೊತ್ತಿಗೆ ಅವಳಿಗೆ ಕೆಮ್ಮು ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಎರಡು ಸಲ ತೆಗೆಸಿಕೊಂಡು ಬಂದೆವು. ಮೂರನೆಯ ಸಲ ಅವಳು ಬರಲೊಪ್ಪಲಿಲ್ಲ. ನಾನು ರಜೆ ಹಾಕಿ ಹದಿನೆಂಟು ದಿನ ಅವಳ ಜೊತೆ ಇದ್ದೆ. ಅತ್ತೆ ಮಲಗಿದ್ದ ಜಾಗದಲ್ಲೇ ದಿಂಬು ಏರಿಸಿ ಕೂರಿಸಿದ್ದೆವು. ಮಗುವನ್ನು ಪಕ್ಕಕ್ಕೆ ಮಲಗಿಸಿದರೆ ಊದಿದ ಕೈಯ ಬೆರಳುಗಳನ್ನು ಅದರ ಹೊಟ್ಟೆಯ ಮೇಲಿಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಒಸಿ ನೀರು ಕೊಡು" ಎಂದಳು. ಎರಡು ಚಮಚ ಕುಡಿದಳು. ಸಂಜೆ ಕುರಿಗಳು ಹಟ್ಟಿಗೆ ಬರುವ ಮೊದಲೇ ಹೋದಳು.

ಹನ್ನೊಂದನೆಯ ದಿನ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗುಲಿಯಲ್ಲಿ ಕೂತಿದ್ದೆ. ಅವಳ ಮಗ ಬಂದು ಎದುರಿಗೆ ಕಂಬಕ್ಕೆ ಒರಗಿ ನಿಂತ. ತಲೆ ಬೋಳಿಸಿಕೊಂಡು ಇನ್ನೂ ಚಿಕ್ಕವನ ಹಾಗೆ ಕಾಣುತ್ತಿದ್ದ.

"ಚಿಕ್ಕವ್ವ, ಆಸ್ಪತ್ರೆ ಕಾಗದ ಎಲ್ಲಾನೂ ಒಬ್ರ ತಾವು ಓದಿಸ್ದೆ. ಶ್ವಾಸಕೋಶಕ್ಕೆ ಹೋಗಿತ್ತು ಅಂತ ಮೊದಲನೇ ಸಲನೇ ಬರ್ದವ್ರೆ. ಬಿಸಿ ಕೊಡೋದಕ್ಕೂ ಮೊದ್ಲೇ. ನಿಂಗೊತ್ತಿತ್ತಾ?"

ತಾನೇ ಹೇಳುತ್ತೇನೆ ಎಂದಿದ್ದಳು, ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು ಎಂದು ಹೇಳಬಹುದಿತ್ತು. ಸತ್ತವಳ ಮೇಲೆ ಹಾಕುವುದು ಬೇಡವೆನಿಸಿತು.

"ಗೊತ್ತಿತ್ತು ಮಗ" ಎಂದೆ.

"ಮತ್ತೆ ಆ ಬಿಸಿಯಿಂದ ಏನಾಯ್ತು?"

"ಗಾಯ ಒಣಗ್ತು. ಮಗೂನ ಎತ್ಕೊಂಡ್ಲು."

"ನಂಗೆ ಗೊತ್ತಿದ್ರೆ ಆ ಐದು ತಿಂಗ್ಳು ಬಾಡಿಗೆ ಹೊಡೀದೆ ಮನೇಲೇ ಇರ್ತಿದ್ದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಬಗ್ಗಿ, ನಿದ್ದೆಯಲ್ಲಿದ್ದ ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದ.